ಇಳಿಸಿದ ತೂಕ ನಿಲ್ಲಿಸುವ ಕೆಲಸ

86 ಕಿಲೋ ಇದ್ದವರೊಬ್ಬರು 74ಕ್ಕೆ ಇಳಿದಿದ್ದಾರೆ ಅಂದುಕೊಳ್ಳಿ. ವಯಸ್ಸು 45, ಎತ್ತರ 170 ಸೆಂಟಿಮೀಟರ್, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕುಳಿತು ಮಾಡುವ ಕೆಲಸ. ಇಳಿಸುವ ಮೊದಲು ಇವರ ದೇಹ ದಿನಕ್ಕೆ ಸುಮಾರು 2,400 ಕ್ಯಾಲೊರಿ ಖರ್ಚು ಮಾಡುತ್ತಿತ್ತು. ಈಗ ಹೆಚ್ಚುಕಡಿಮೆ 2,100. ದೇಹ ಚಿಕ್ಕದಾದ್ದರಿಂದ ಕಡಿಮೆ ಸಾಕು ಎಂಬುದು ಒಂದು ಕಾರಣ. ಇಳಿದ ದೇಹ ಲೆಕ್ಕಕ್ಕಿಂತಲೂ ಒಂದಿಷ್ಟು ಹೆಚ್ಚೇ ಕೈ ಬಿಗಿ ಹಿಡಿಯುತ್ತದೆ ಎಂಬುದು ಇನ್ನೊಂದು. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು 2016ರಲ್ಲಿ ಕೊಟ್ಟ ಅಂದಾಜಿನಂತೆ, ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ಹಸಿವು ಮಾತ್ರ ಪ್ರತಿ ಕಿಲೋಗೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. 12 ಕಿಲೋಗೆ ಗುಣಿಸಿ ನೋಡಿ: ಖರ್ಚು 300 ಕಡಿಮೆ, ಬಯಕೆ 1,200 ಹೆಚ್ಚು. ತೂಕ ಯಾಕೆ ಮರಳುತ್ತದೆ ಎಂಬುದಕ್ಕೆ ಮನೋಬಲ, ಶಿಸ್ತು ಎಂದು ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ಅಂತರವನ್ನು ದಿನದ ಯಾವ ಹೊತ್ತಿನಲ್ಲಿ, ಅಡುಗೆಮನೆಯ ಯಾವ ಪಾತ್ರೆಯಲ್ಲಿ ಮುಚ್ಚುವುದು ಎಂಬುದಷ್ಟೇ ಉಳಿದಿರುವ ಕೆಲಸ.

ಈ ಹಸಿವು ಒಂದೆರಡು ವಾರದಲ್ಲಿ ತಣಿಯುವಂಥದ್ದಲ್ಲ. ಮೆಲ್ಬರ್ನ್‌ನಲ್ಲಿ 50 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ವಾರದ ಡಯಟ್ ಮುಗಿದು ಒಂದು ವರ್ಷ ಕಳೆದರೂ ಹಸಿವು ಹೆಚ್ಚಿಸುವ ಗ್ರೆಲಿನ್, ತೃಪ್ತಿ ತಿಳಿಸುವ ಲೆಪ್ಟಿನ್ ಮುಂತಾದ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಇದಕ್ಕೂ ಹಿಂದೆ, 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ಉಣ್ಣಲು ಬಿಟ್ಟಾಗಲೂ ಇದೇ ಕಂಡಿತ್ತು. ಹೊಟ್ಟೆ ತುಂಬಿದ ಮೇಲೂ ತಿನ್ನುವ ಆಸೆ ಹೋಗುತ್ತಿರಲಿಲ್ಲ. ಮೊದಲು ಮರಳಿದ್ದು ಕೊಬ್ಬು, ಸ್ನಾಯು ಹಿಂದೆ ಉಳಿಯಿತು. ಹಾಗಾಗಿ ಡಯಟ್ ಮುಗಿಸಿದವರು ‘ಇನ್ನು ಹಸಿವಾದಾಗ ತಿನ್ನುತ್ತೇನೆ, ಸಾಕಾದಾಗ ಬಿಡುತ್ತೇನೆ’ ಎಂಬ ನಂಬಿಕೆಯಲ್ಲಿ ನಡೆದರೆ ಸೋಲುವುದೇ ಹೆಚ್ಚು. ಮೊದಲ ವರ್ಷವಾದರೂ ಹೊಟ್ಟೆಯ ಮಾತಿಗಿಂತ ಅಳತೆ ಲೋಟದ ಮಾತು ಕೇಳುವುದು ಮೇಲು.

ಮೊದಲ ಎರಡು ವಾರದಲ್ಲಿ ಎಲ್ಲರೂ ಹೆದರುವುದು ಒಂದೇ ವಿಷಯಕ್ಕೆ. ಅನ್ನ, ಚಪಾತಿ, ಉಪ್ಪು ಸ್ವಲ್ಪ ಹೆಚ್ಚಾದ ಕೂಡಲೇ ತೂಕ ಒಂದೂವರೆ ಕಿಲೋ ಮೇಲೆ ಹಾರುತ್ತದೆ. ಇದು ಕೊಬ್ಬಲ್ಲ. ಡಯಟ್‌ನಲ್ಲಿ ಬರಿದಾಗಿದ್ದ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ದಾಸ್ತಾನು) ಸ್ನಾಯು ಮತ್ತು ಯಕೃತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಡುತ್ತದೆ. 400 ಗ್ರಾಂ ತುಂಬಿದರೆ ನೀರು ಸೇರಿ 1.6 ಕಿಲೋ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಒಳಗೆ ಹೋಗಬೇಕು, ಮೂರು ದಿನದಲ್ಲಿ ಅದು ಸುಲಭವಲ್ಲ. ಈ ಏರಿಕೆ ಕಂಡು ಕೆಲವರು ಮತ್ತೆ ಕಟ್ಟುನಿಟ್ಟಿನ ಡಯಟ್‌ಗೆ ಹೊರಡುತ್ತಾರೆ, ಇನ್ನು ಕೆಲವರು ‘ಹೋಯಿತು ಬಿಡು’ ಎಂದು ಕೈಚೆಲ್ಲುತ್ತಾರೆ. ಎರಡೂ ಬೇಡ. ಡಯಟ್‌ನ ಕೊನೆಯ ದಿನ ಕಂಡ ಅತಿ ಕಡಿಮೆ ಅಂಕಿಯನ್ನು ನಿಮ್ಮ ತೂಕ ಎಂದು ಬರೆದಿಟ್ಟುಕೊಳ್ಳಬೇಡಿ. ಊಟ ಏರಿಸಲು ಶುರುಮಾಡಿ ಎರಡು ವಾರ ಕಳೆದ ಮೇಲೆ ಏಳು ದಿನದ ಸರಾಸರಿ ಎಷ್ಟಿದೆಯೋ ಅದೇ ಆಧಾರ ತೂಕ. ಮೇಲಿನ ಉದಾಹರಣೆಯಲ್ಲಿ ಅದು 74 ಅಲ್ಲ, 75.2 ಆಗಿರಬಹುದು. ಮುಂದಿನ ಲೆಕ್ಕವೆಲ್ಲ ಅದರಿಂದಲೇ.

ಊಟ ಏರಿಸುವುದೂ ಮೆಟ್ಟಿಲು ಮೆಟ್ಟಿಲಾಗಿ. 1,500 ಕ್ಯಾಲೊರಿಯಲ್ಲಿ ಇಳಿಸಿದವರು ಮರುದಿನವೇ 2,100ಕ್ಕೆ ಹೋದರೆ ಏನು ಹೆಚ್ಚಾಯಿತು ಎಂಬುದೇ ತಿಳಿಯುವುದಿಲ್ಲ. ವಾರಕ್ಕೆ 100ರಿಂದ 150ರಂತೆ ಸೇರಿಸಿ. ಮೊದಲ ವಾರ ಮಧ್ಯಾಹ್ನ ಒಂದು ಚಪಾತಿ ಹೆಚ್ಚು: 30 ಗ್ರಾಂ ಹಿಟ್ಟಿನದಾದರೆ ಸುಮಾರು 100 ಕ್ಯಾಲೊರಿ, ಎಣ್ಣೆ ಸವರಿದರೆ 140. ಎರಡನೆಯ ವಾರ ಒಂದು ಲೋಟ ಹಾಲು ಅಥವಾ ಎರಡು ಮೊಟ್ಟೆ. ಮೂರನೆಯ ವಾರ ರಾತ್ರಿಗೆ ಅರ್ಧ ಬಟ್ಟಲು ಅನ್ನ, ಬೆಂದ ಅನ್ನ 100 ಗ್ರಾಂಗೆ 130 ಕ್ಯಾಲೊರಿ ಹಿಡಿಯಿರಿ. ನಾಲ್ಕನೆಯ ವಾರ ಒಂದು ಹಣ್ಣು, ಒಂದು ಹಿಡಿ ಕಡಲೆಬೀಜ. ಸರಾಸರಿ ತೂಕ ಎರಡು ವಾರ ಸತತ ಏರಿತೆಂದರೆ ಕೊನೆಗೆ ಸೇರಿಸಿದ್ದನ್ನು ತೆಗೆಯಿರಿ. ನಿಮ್ಮ ದೇಹದ ನಿಜವಾದ ಖರ್ಚು ಎಷ್ಟೆಂದು ಆಗ ತಿಳಿಯುತ್ತದೆ. ಸೂತ್ರಗಳು ಕೊಡುವುದು ಅಂದಾಜು ಮಾತ್ರ, ಇಬ್ಬರಲ್ಲಿ 200 ಕ್ಯಾಲೊರಿ ಆಚೀಚೆಯಾಗುವುದು ಸಾಮಾನ್ಯ.

ಇಷ್ಟಾದ ಮೇಲೆ ಬರುವ ಪ್ರಶ್ನೆ: ಒಂದಿಷ್ಟು ಹೆಚ್ಚು ತಿಂದರೆ ಏನಾಗುತ್ತದೆ? ಇದಕ್ಕೆ ಒಳ್ಳೆಯ ಅಂದಾಜು ಇದೆ. ದಿನಕ್ಕೆ 24 ಕ್ಯಾಲೊರಿ ಶಾಶ್ವತವಾಗಿ ಹೆಚ್ಚಾದರೆ ತೂಕ ಕೊನೆಗೆ ಸುಮಾರು 1 ಕಿಲೋ ಮೇಲೆ ನಿಲ್ಲುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷ, ಬಹುಪಾಲು ಮೂರು ವರ್ಷದಲ್ಲಿ. 24 ಕ್ಯಾಲೊರಿ ಅಂದರೆ ಒಂದೂವರೆ ಚಮಚ ಸಕ್ಕರೆ. ಆಫೀಸಿನ ಕೆಳಗಿನ ಕಟಿಂಗ್ (ಅರ್ಧ ಲೋಟ) ಚಹಾದಲ್ಲಿ ಸಕ್ಕರೆ ಮತ್ತು ಹಾಲು ಸೇರಿ 50 ಕ್ಯಾಲೊರಿಯ ಆಸುಪಾಸು. ಡಯಟ್ ಕಾಲದಲ್ಲಿ ಬಿಟ್ಟಿದ್ದ ಎರಡು ಕಟಿಂಗ್ ಮತ್ತೆ ಶುರುವಾದರೆ ಮೂರು ವರ್ಷಕ್ಕೆ 4 ಕಿಲೋ. ಯಾರೂ ಅದನ್ನು ‘ತಿಂದದ್ದು’ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂಬಯಿಯಲ್ಲಿ ತೂಕ ಮರಳುವುದು ಮದುವೆಯೂಟದಿಂದ ಎಂದು ಜನ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಚಹಾ ಮತ್ತು ಎಣ್ಣೆಯಿಂದ.

ಎಣ್ಣೆಯ ವಿಷಯ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಖರ್ಚಿನಲ್ಲಿ ತಗ್ಗಿದ 300ರ ಅಂತರದ ಮೂರರಲ್ಲಿ ಒಂದು ಪಾಲು ಇಲ್ಲೇ ಮುಚ್ಚಬಹುದು. ತಟ್ಟೆ ನೋಡಿ ಎಣ್ಣೆ ಅಳೆಯಲಾಗದು, ತಿಂಗಳ ಸಾಮಾನಿನ ಚೀಟಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಬರುತ್ತಿದ್ದರೆ ಒಬ್ಬರಿಗೆ ದಿನಕ್ಕೆ 33 ಮಿಲಿ, ಅಂದರೆ 30 ಗ್ರಾಂ, 270 ಕ್ಯಾಲೊರಿ. ಎರಡೂವರೆ ಲೀಟರಿಗೆ ತಂದರೆ ಒಬ್ಬರಿಗೆ 21 ಮಿಲಿ. ತಲೆಗೆ ದಿನಕ್ಕೆ 100 ಕ್ಯಾಲೊರಿ ಉಳಿಯಿತು. ಮಾಡುವ ಕ್ರಮ ಸರಳ: ತಿಂಗಳ ಒಂದನೇ ತಾರೀಕು ಎರಡೂವರೆ ಲೀಟರ್ ಬೇರೆ ಡಬ್ಬಕ್ಕೆ ಸುರಿದಿಡಿ, ಅದು ಮುಗಿದರೆ ತಿಂಗಳು ಮುಗಿಯುವ ತನಕ ಹೊಸ ಪ್ಯಾಕೆಟ್ ಒಡೆಯುವುದಿಲ್ಲ. ಬಾಣಲೆಗೆ ಡಬ್ಬದಿಂದ ನೇರವಾಗಿ ಸುರಿಯುವ ಅಭ್ಯಾಸ ಬಿಟ್ಟು 5 ಮಿಲಿ ಚಮಚ ಡಬ್ಬದ ಪಕ್ಕದಲ್ಲೇ ಇಡಿ. ನಾಲ್ಕು ಜನರ ಪಲ್ಯದ ಒಗ್ಗರಣೆಗೆ ಮೂರು ಚಮಚ ಸಾಕು. ಸಾಸಿವೆ ಸಿಡಿಯಲು ಎಣ್ಣೆ ಬಿಸಿಯಾಗಿರಬೇಕೇ ಹೊರತು ಹೆಚ್ಚಿರಬೇಕಾಗಿಲ್ಲ, ಚಿಕ್ಕ ಒಗ್ಗರಣೆ ಸೌಟಿನಲ್ಲಿ ಹಾಕಿ ನೋಡಿ. ಉಪ್ಪಿನಕಾಯಿಯ ಮೇಲೆ ತೇಲುವ ಎಣ್ಣೆ, ದೋಸೆ ಕಾವಲಿಗೆ ಪ್ರತಿ ದೋಸೆಗೂ ಸುತ್ತ ಬಿಡುವ ಚಮಚ ಕೂಡ ಈ ಡಬ್ಬದ ಲೆಕ್ಕದಲ್ಲೇ ಇರಲಿ.

ಕರಾವಳಿಯವರ ಮನೆಯಲ್ಲಿ ಎಣ್ಣೆ ಕಡಿಮೆ ಮಾಡಿದರೂ ತೂಕ ಇಳಿಯದಿದ್ದರೆ ತೆಂಗಿನಕಾಯಿ ನೋಡಿ. ಹಸಿ ತುರಿ 100 ಗ್ರಾಂಗೆ ಸುಮಾರು 350ರಿಂದ 400 ಕ್ಯಾಲೊರಿ. ಗಸಿಗೆ ಅರ್ಧ ಕಾಯಿ, ಪಲ್ಯದ ಮೇಲೆ ಒಂದು ಹಿಡಿ, ಬೆಳಗಿನ ಚಟ್ನಿಗೆ ಇನ್ನೊಂದಷ್ಟು. ಬಿಡಬೇಕು ಎನ್ನುತ್ತಿಲ್ಲ, ತೆಂಗಿಲ್ಲದ ಗಸಿ ಯಾರಿಗೂ ಬೇಡ. ದಿನಕ್ಕೆ ಒಂದೇ ಅಡುಗೆಯಲ್ಲಿ ತೆಂಗು ಎಂದು ಗೊತ್ತುಮಾಡಿಕೊಳ್ಳಿ: ಗಸಿ ಇರುವ ದಿನ ಚಟ್ನಿ ಪುದೀನ ಅಥವಾ ಟೊಮೆಟೊದ್ದು, ಪಲ್ಯ ಬರಿ ಒಗ್ಗರಣೆಯದು. ಕಲಬುರಗಿ, ವಿಜಯಪುರ ಕಡೆಯವರಿಗೆ ಇದೇ ಪ್ರಶ್ನೆ ಶೇಂಗಾ ಹಿಂಡಿಯ ರೂಪದಲ್ಲಿ ಬರುತ್ತದೆ. ಶೇಂಗಾ 100 ಗ್ರಾಂಗೆ 567 ಕ್ಯಾಲೊರಿ, ಮೇಲೆ ಎಣ್ಣೆ ಬೇರೆ. ಜೋಳದ ರೊಟ್ಟಿ ಒಳ್ಳೆಯದೇ, ಅದರ ಜೊತೆ ಹೋಗುವ ಹಿಂಡಿ ಎರಡು ಚಮಚಕ್ಕೆ ನಿಲ್ಲಬೇಕು.

ಅಕ್ಕಿಯ ಅಳತೆಯೂ ಹಾಗೆಯೇ. ಮನೆಯಲ್ಲಿ ಒಬ್ಬರು 12 ಕಿಲೋ ಇಳಿದರೂ ಕುಕ್ಕರಿಗೆ ಹಾಕುವ ಅಕ್ಕಿ ಮೊದಲಿನಷ್ಟೇ ಇರುತ್ತದೆ. ಉಳಿದ ಅನ್ನ ‘ಹಾಳಾಗುತ್ತದಲ್ಲ’ ಎಂದು ಯಾರ ತಟ್ಟೆಗೆ ಹೋಗುತ್ತದೆ ಎಂಬುದು ಎಲ್ಲ ಅಮ್ಮಂದಿರಿಗೂ ಗೊತ್ತು. ಅಕ್ಕಿ ಡಬ್ಬದೊಳಗಿನ ಲೋಟವನ್ನೇ ಬದಲಿಸಿ, ಮೊದಲಿಗಿಂತ ಚಿಕ್ಕದು ಇಡಿ. ಹೇಳಿ ಮಾಡಿಸುವುದಕ್ಕಿಂತ ಇದು ಬೇಗ ಆಗುತ್ತದೆ.

ಪ್ರೋಟೀನ್ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ತಟ್ಟೆಯಲ್ಲಿ ಕಾಣುವುದು ಕಡಿಮೆ. ಇಳಿದ ತೂಕ ನಿಲ್ಲಿಸುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.2 ಗ್ರಾಂ, ಸಾಧ್ಯವಾದರೆ 1.4 ತನಕ ಒಳ್ಳೆಯ ಗುರಿ. 75 ಕಿಲೋದವರಿಗೆ 90ರಿಂದ 105 ಗ್ರಾಂ. ಹೊಟ್ಟೆ ತುಂಬಿದ ಭಾವ ಹೆಚ್ಚು ಹೊತ್ತು ನಿಲ್ಲುತ್ತದೆ, ಸ್ನಾಯುವೂ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬಾರದು. ‘ನಾವು ದಿನಾ ಸಾರು, ಹುಳಿ ಉಣ್ಣುತ್ತೇವಲ್ಲ’ ಎನ್ನುವವರು ಬೇಳೆಯನ್ನು ತೂಗಿ ನೋಡಲಿ. ನಾಲ್ಕು ಜನರ ಸಾರಿಗೆ 60 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲಿಗೆ 15 ಗ್ರಾಂ ಬೇಳೆ, ಬರುವ ಪ್ರೋಟೀನ್ 3 ಗ್ರಾಂ ಮೇಲೆ ಅಷ್ಟೆ. ಅದೇ ಹೆಸರುಕಾಳು ಅಥವಾ ಮಡಕಿಕಾಳು 40 ಗ್ರಾಂ ನೆನೆಸಿ ಉಸಲಿ ಮಾಡಿದರೆ ಒಬ್ಬರಿಗೆ 9 ಗ್ರಾಂ.

ಸಸ್ಯಾಹಾರಿಯ ಒಂದು ದಿನ ಹೀಗೆ ಕೂಡಿಸಬಹುದು: ಮೂರು ಚಪಾತಿಯಿಂದ 10, ಎರಡು ಹೊತ್ತಿನ ಒಟ್ಟು 60 ಗ್ರಾಂ ಅಕ್ಕಿಯ ಅನ್ನದಿಂದ 4, ಉಸಲಿಯಿಂದ 9, ಒಂದು ಲೋಟ ಹಾಲಿನಿಂದ 8, 200 ಗ್ರಾಂ ಮೊಸರಿನಿಂದ 6, ಹುರಿಗಡಲೆ 30 ಗ್ರಾಂನಿಂದ 6, ಸೋಯಾ ಚಂಕ್ಸ್ 30 ಗ್ರಾಂನಿಂದ 15, ಪನೀರ್ 100 ಗ್ರಾಂನಿಂದ 18, ಬೇಳೆ ಮತ್ತು ತರಕಾರಿಯಿಂದ ಇನ್ನು 8. ಒಟ್ಟು 84, ಗುರಿಗೆ ಇನ್ನೂ ಸ್ವಲ್ಪ ಕಡಿಮೆಯೇ. ಪನೀರ್ ಕ್ಯಾಲೊರಿ ಕೂಡ ಹೊತ್ತು ತರುತ್ತದೆ, 100 ಗ್ರಾಂಗೆ 260ರ ಮೇಲೆ. ಹಾಗಾಗಿ ಪನೀರ್ ಇದ್ದ ದಿನ ಕಾಯಿತುರಿ ಇಲ್ಲ. ಮೊಟ್ಟೆ, ಮೀನು ತಿನ್ನುವವರಿಗೆ ಇಷ್ಟು ಪಾಡಿಲ್ಲ. ಎರಡು ಮೊಟ್ಟೆಗೆ 12 ಗ್ರಾಂ, 150 ಗ್ರಾಂ ಬಂಗುಡೆಗೆ 28 ಗ್ರಾಂ. ಬಂಗುಡೆ, ಬೂತಾಯಿಯನ್ನು ಪುಳಿಮುಂಚಿ ಮಾಡಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಬೊಂಬಿಲ್ ವಾರಕ್ಕೊಮ್ಮೆ ಸಾಕು.

ಇನ್ನು ಮನೆಯ ಹೊರಗೆ. ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರ ದಿನದಲ್ಲಿ ಮಧ್ಯಾಹ್ನದ ಡಬ್ಬಿ ಒಂದು ಗಂಟೆಗೆ, ರಾತ್ರಿಯೂಟ ಒಂಬತ್ತೂವರೆಗೆ. ನಡುವಿನ ಎಂಟೂವರೆ ಗಂಟೆಯೇ ಅಪಾಯದ ಹೊತ್ತು. ಆರೂವರೆಗೆ ಸ್ಟೇಷನ್ ದಾಟುವಾಗ ವಡಾಪಾವ್ ಬಿಸಿಯಾಗಿ ಬರುತ್ತಿರುತ್ತದೆ. ಒಂದಕ್ಕೆ 300 ಕ್ಯಾಲೊರಿಯ ಹತ್ತಿರ. ಅದನ್ನು ತಿಂದರೂ ಮನೆಗೆ ಹೋಗಿ ಪೂರ್ತಿ ಊಟ ಆಗುತ್ತದೆ. ತಿನ್ನದೆ ಹೋದವರು ಮನೆ ಬಾಗಿಲು ತೆರೆದ ಕೂಡಲೇ ಫರ್ಸಾಣ್ (ಕರಿದ ಕುರುಕಲು) ಡಬ್ಬಕ್ಕೆ ಕೈ ಹಾಕುತ್ತಾರೆ, ಅದು ಇನ್ನೂ ದುಬಾರಿ. ಮಾಡಬೇಕಾದದ್ದು ಆಫೀಸು ಬಿಡುವ ಮೊದಲು, ಐದೂವರೆಗೆ, ಹಸಿವು ಏರುವ ಮುಂಚೆ ತಿನ್ನುವುದು: 30 ಗ್ರಾಂ ಹುರಿಗಡಲೆ ಮತ್ತು ಒಂದು ಬಾಳೆಹಣ್ಣು, ಅಥವಾ ಎರಡು ಬೇಯಿಸಿದ ಮೊಟ್ಟೆ. ಸುಮಾರು 200 ಕ್ಯಾಲೊರಿ ಖರ್ಚಾಯಿತು, ವಡಾಪಾವ್ ತಪ್ಪಿತು, ರಾತ್ರಿಯ ಊಟ ಕಾಲುಭಾಗ ತಾನಾಗಿ ಕಡಿಮೆಯಾಯಿತು. ಹುರಿಗಡಲೆಯನ್ನು ಭಾನುವಾರವೇ ಐದು ಚಿಕ್ಕ ಡಬ್ಬಿಗೆ ತೂಗಿ ಹಾಕಿಡಿ. ದೊಡ್ಡ ಪ್ಯಾಕೆಟ್ ಬ್ಯಾಗಿನಲ್ಲಿದ್ದರೆ ಡೊಂಬಿವಲಿ ಬರುವಷ್ಟರಲ್ಲಿ ಖಾಲಿ.

ಉಡುಪಿ ಹೋಟೆಲುಗಳಿಗೆ ಹೆದರಬೇಕಾಗಿಲ್ಲ. ಮುಂಬಯಿಯ ಮಾಟುಂಗದಲ್ಲಿ ತಿಂಡಿ ತಿನ್ನದೆ ಬದುಕಿ ಎಂದು ಯಾವ ಡಯಟೀಷಿಯನ್ ಹೇಳಿದರೂ ಆಗುವ ಮಾತಲ್ಲ. ಇಡ್ಲಿ ಸಾಂಬಾರು ಆ ಪಟ್ಟಿಯಲ್ಲೇ ಅತಿ ಅಗ್ಗದ ತಿಂಡಿ, ಕ್ಯಾಲೊರಿಯಲ್ಲೂ. ಮಸಾಲೆ ದೋಸೆ ಚಟ್ನಿ ಸೇರಿ 400ರ ಸುತ್ತಮುತ್ತ. ಅದು ಒಂದು ಹೊತ್ತಿನ ಊಟವಾಗಬಹುದು, ಊಟದ ನಡುವಿನ ತಿಂಡಿಯಾಗಬಾರದು. ಮೋಸ ಮಾಡುವುದು ಇಡ್ಲಿಯ ಜೊತೆ ‘ಒಂದು ವಡೆ ಇರಲಿ’ ಎನ್ನುವುದು. ಅನ್‌ಲಿಮಿಟೆಡ್ ಥಾಲಿಯ ಕಡೆ ಹೋಗಬೇಡಿ, ಲಿಮಿಟೆಡ್ ಊಟ ಸಾಕು. ಹಣ ಕೊಟ್ಟಿದ್ದೇವೆ ಎಂಬ ಭಾವನೆಯ ಎದುರು ಯಾವ ಲೆಕ್ಕವೂ ನಿಲ್ಲದು.

ವಾರದ ದಿನ ಸರಿಯಾಗಿದ್ದೂ ತೂಕ ಏರುತ್ತಿದ್ದರೆ ಶನಿವಾರ, ಭಾನುವಾರ ಬರೆದಿಡಿ. ಎರಡು ದಿನ ತಲಾ 700 ಹೆಚ್ಚಾದರೆ ವಾರಕ್ಕೆ 1,400, ಅಂದರೆ ದಿನಕ್ಕೆ ಸರಾಸರಿ 200 ಹೆಚ್ಚು. ಮೇಲಿನ ಅಂದಾಜಿನಂತೆ ಅದು 8 ಕಿಲೋಗೆ ದಾರಿ. ಕುಡಿಯುವವರಿಗೆ 60 ಮಿಲಿ ವಿಸ್ಕಿ 130–140 ಕ್ಯಾಲೊರಿ ಮಾತ್ರ, ಜೊತೆಗೆ ಬರುವ ಮಸಾಲ ಶೇಂಗಾದ ತಟ್ಟೆಯದ್ದೇ ಹೆಚ್ಚು.

ನಡಿಗೆ. ತೂಕ ಇಳಿಸುವಾಗ ವ್ಯಾಯಾಮದ ಪಾಲು ಚಿಕ್ಕದು, ನಿಲ್ಲಿಸುವಾಗ ದೊಡ್ಡದು. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೇಳಿದ್ದು ವಾರಕ್ಕೆ 200ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. 75 ಕಿಲೋದವರಿಗೆ ಒಂದು ಕಿಲೋಮೀಟರ್ ನಡಿಗೆಗೆ 40–50 ಕ್ಯಾಲೊರಿ. ಒಂದು ವಡಾಪಾವ್ ಕರಗಬೇಕಾದರೆ ಶಿವಾಜಿ ಪಾರ್ಕಿಗೆ ಐದಾರು ಸುತ್ತು. ಈ ಲೆಕ್ಕ ‘ತಿಂದು ನಡೆದು ಕಳೆಯುತ್ತೇನೆ’ ಎನ್ನುವವರಿಗೆ ನಿರಾಸೆ ತರುತ್ತದೆ, ತರಬೇಕಾದ್ದೇ. ಆದರೆ ದಿನಾ 4 ಕಿಲೋಮೀಟರ್ ನಡೆದರೆ 160–200 ಕ್ಯಾಲೊರಿ: 300ರ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು. ಉಳಿದದ್ದು ಎಣ್ಣೆ ಡಬ್ಬದಲ್ಲಿ. ಬೇರೆ ಸಮಯ ಸಿಗದವರು ಪ್ರಯಾಣದೊಳಗೇ ಸೇರಿಸಿ: ಬೆಳಿಗ್ಗೆ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಆಫೀಸಿಗೆ ಶೇರ್ ಟ್ಯಾಕ್ಸಿ ಬಿಡುವುದು, ಸಂಜೆ ಮನೆಗೆ ರಿಕ್ಷಾ ಬಿಡುವುದು. ಲಿಫ್ಟ್ ಬಿಟ್ಟು ಹತ್ತು ಮಹಡಿ ಹತ್ತಿದರೆ ಸಿಗುವುದು 25–30 ಕ್ಯಾಲೊರಿ ಅಷ್ಟೇ, ಅದು ತೊಡೆಯ ಬಲಕ್ಕಾಗಿ.

ಬಲದ ವ್ಯಾಯಾಮ ವಾರಕ್ಕೆ ಎರಡು ಸಲ ಬೇಕೇಬೇಕು. ಡಯಟ್‌ನಲ್ಲಿ ಇಳಿದ ತೂಕದ ಸುಮಾರು ಕಾಲುಭಾಗ ಕೊಬ್ಬಲ್ಲದ್ದು, ಅದರಲ್ಲಿ ಸ್ನಾಯುವೂ ಸೇರಿದೆ; ಮರಳಿ ಬರುವಾಗ ಕೊಬ್ಬೇ ಮೊದಲು ಬರುತ್ತದೆ. ಜಿಮ್ ಕಡ್ಡಾಯವಲ್ಲ. ಒಂದು ಕೋಣೆಯ ಮನೆಯಲ್ಲೂ ಆಗುವುದು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅಡುಗೆ ಕಟ್ಟೆಗೆ ಕೈಯೂರಿ ಪುಶ್‌ಅಪ್, ಒಂದೊಂದು ಕೈಯಲ್ಲಿ 5 ಲೀಟರ್ ನೀರಿನ ಕ್ಯಾನ್ ಹಿಡಿದು ಬಗ್ಗಿ ಎಳೆಯುವುದು, ಹಿಮ್ಮಡಿ ಎತ್ತುವುದು. ತಲಾ 10–12, ಮೂರು ಸುತ್ತು. ಕೊನೆಯ ಎರಡು ಕಷ್ಟವಾಗಬೇಕು. ಸುಲಭವಾದರೆ ಭಾರ ಏರಿಸಿ. ಮಂಡಿ ನೋವಿದ್ದವರು ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇದೆಲ್ಲ ಕೆಡುತ್ತದೆ. ಮಳೆಗೆ ನಡಿಗೆ ನಿಲ್ಲುತ್ತದೆ, ಕಾಂದಾ ಭಜಿ ಶುರುವಾಗುತ್ತದೆ. ಶ್ರಾವಣ, ಗಣಪತಿ ಎಲ್ಲ ಇದೇ ತಿಂಗಳುಗಳಲ್ಲಿ. ಜೂನ್ ಬರುವ ಮೊದಲೇ ಒಳಗಿನ ದಾರಿ ಗೊತ್ತುಮಾಡಿಕೊಳ್ಳಿ: ಸೊಸೈಟಿಯ ಪಾರ್ಕಿಂಗ್ ಮಹಡಿ, ಸ್ಟೇಷನ್ನಿನ ಉದ್ದನೆಯ ಪಾದಚಾರಿ ಸೇತುವೆ, ಯಾವುದೂ ಇಲ್ಲದಿದ್ದರೆ ಮನೆಯೊಳಗೆ ನಿಂತಲ್ಲೇ ಹೆಜ್ಜೆ, ಟಿವಿಯ ಒಂದು ಧಾರಾವಾಹಿ ಮುಗಿಯುವ ತನಕ. ಉಪವಾಸದ ದಿನ ತೂಕ ಏರಿಸುವುದೇ ಹೆಚ್ಚು. ಸಾಬೂದಾನ ಖಿಚಡಿ ಒಂದು ತಟ್ಟೆ, ಶೇಂಗಾ ಪುಡಿ, ತುಪ್ಪ ಸೇರಿ 400 ಕ್ಯಾಲೊರಿಗೆ ಹೋಗುತ್ತದೆ. ಪಿಷ್ಟ ಬಿಟ್ಟರೆ ಸಾಬೂದಾನದಲ್ಲಿ ಏನೂ ಇಲ್ಲ, ಎರಡು ಗಂಟೆಗೆ ಮತ್ತೆ ಹಸಿವು. ಸಂಕಷ್ಟಿಯ ದಿನ ಚಂದ್ರೋದಯದ ತನಕ ಕಾದು ಒಂಬತ್ತರ ಮೇಲೆ ಎರಡು ಊಟ ಒಟ್ಟಿಗೆ ಮಾಡುವುದು ಇನ್ನೊಂದು. ಆ ದಿನಗಳಿಗೆ ಮೊಸರು, ಹಣ್ಣು, ಒಂದು ಲೋಟ ಹಾಲು, ಬೇಯಿಸಿದ ಗೆಣಸು ಸಾಕು. ಗಣಪತಿಯ ದಿನ ಮೋದಕ ತಿನ್ನಿ, ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿಯ ಪ್ರಸಾದದ ಊಟವನ್ನೂ ಮಾಡಿ. ಒಂದು ಹೊತ್ತಿನ ಊಟ ಯಾರ ತೂಕವನ್ನೂ ಕೆಡಿಸಿಲ್ಲ; ಮನೆಗೆ ಬಂದ ನಾಲ್ಕು ಡಬ್ಬಿ ಸಿಹಿ ವಾರವಿಡೀ ಮೇಜಿನ ಮೇಲಿದ್ದರೆ ಕೆಡಿಸುತ್ತದೆ. ಬಂದ ದಿನವೇ ಅರ್ಧವನ್ನು ವಾಚ್‌ಮನ್‌ಗೆ, ಕೆಲಸದವರಿಗೆ ಹಂಚಿಬಿಡಿ.

ಮೇ ತಿಂಗಳಲ್ಲಿ ಕೊಂಕಣ ರೈಲು ಹತ್ತಿ ಊರಿಗೆ ಹೋದರೆ ಬೇರೆಯದೇ ಪರೀಕ್ಷೆ. ಅತ್ತೆ, ಚಿಕ್ಕಮ್ಮ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಂಥ ಮಾರಾಯ್ರೆ, ಹೀಗೆ ಸೊರಗಿದ್ದೀರಿ, ಶುಗರ್ ಬಂತಾ?’ ಇದಕ್ಕೆ ವಾದ ಬೇಡ. ‘ಇಲ್ಲ ಚಿಕ್ಕಮ್ಮ, ಬೇಕಂತಲೇ ಇಳಿಸಿದ್ದು, ಒಂದು ನೀರುದೋಸೆ ಹಾಕಿ’ ಎಂದರೆ ಮುಗಿಯಿತು. ತಟ್ಟೆಗೆ ಮೊದಲೇ ಕಡಿಮೆ ಹಾಕಿಸಿಕೊಂಡು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳಿ, ಬಡಿಸುವವರಿಗೂ ತೃಪ್ತಿ. ಹಲಸು, ಮಾವು, ಕೋಳಿ–ರೊಟ್ಟಿಯ ಎರಡು ವಾರದ ನಂತರ 2 ಕಿಲೋ ಏರಿರುವುದು ಸಾಮಾನ್ಯ, ಅದರಲ್ಲಿ ಅರ್ಧ ನೀರು. ಮುಂಬಯಿಗೆ ಬಂದ ಮರುದಿನ ತೂಗಬೇಡಿ; ಮನೆಯೂಟಕ್ಕೆ ಮರಳಿ ನಾಲ್ಕನೆಯ ದಿನ ತೂಗಿ.

ತೂಗುವ ಕ್ರಮಕ್ಕೆ ಬಂದೆವು, ಎಲ್ಲಕ್ಕಿಂತ ಮುಖ್ಯ ಇದೇ ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ. ಯಂತ್ರವನ್ನು ಗಟ್ಟಿ ಟೈಲ್ಸ್ ಮೇಲೆ ಒಂದೇ ಜಾಗದಲ್ಲಿ ಇಡಿ. ಚಾಪೆಯ ಮೇಲಿಟ್ಟರೆ, ಬ್ಯಾಟರಿ ಇಳಿದರೆ ಅಂಕಿ ಸುಳ್ಳಾಗುತ್ತದೆ. ಒಂದು ದಿನದಿಂದ ಮರುದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದು ಸಹಜ: ಹಿಂದಿನ ರಾತ್ರಿಯ ಉಪ್ಪಿನಕಾಯಿ, ಹೆಂಗಸರಿಗೆ ಮುಟ್ಟಿನ ಮೊದಲ ದಿನಗಳು, ಮಲಬದ್ಧತೆ, ನಿದ್ದೆಗೆಟ್ಟ ರಾತ್ರಿ. ಹಾಗಾಗಿ ಏಳು ದಿನದ ಸರಾಸರಿಯನ್ನಷ್ಟೇ ನಂಬಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಮೂಲೆಯಲ್ಲಿ ಬರೆದರೆ ಮೊಬೈಲ್ ಆಪ್ ಬೇಕಿಲ್ಲ.

ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಸಂಗಡಿಗರು ತೂಕ ಇಳಿಸಿದ 314 ಮಂದಿಯ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ಬಣ್ಣದ ಗೆರೆ ಬಳಸಿದ್ದರು. ಮುಖಾಮುಖಿ ಸಭೆಗಳಲ್ಲಿ ಈ ಕ್ರಮ ಕಲಿತವರು 18 ತಿಂಗಳಲ್ಲಿ ಸರಾಸರಿ 2.5 ಕಿಲೋ ಮರಳಿ ಪಡೆದರು. ಕಾಗದಪತ್ರ ಮಾತ್ರ ಪಡೆದವರು 4.9. ನಮ್ಮ ಬಳಕೆಗೆ ಹೀಗೆ ಇಟ್ಟುಕೊಳ್ಳಬಹುದು. ಆಧಾರ ತೂಕಕ್ಕಿಂತ 1.3 ಕಿಲೋ ಒಳಗಿದ್ದರೆ ಹಸಿರು, ಏನೂ ಬದಲಿಸಬೇಡಿ. 1.3ರಿಂದ 2.2ರ ತನಕ ಹಳದಿ: ಚಹಾ, ಎಣ್ಣೆ, ಭಾನುವಾರ, ಈ ಮೂರನ್ನು ಪರಿಶೀಲಿಸಿ, ನಡಿಗೆಗೆ 15 ನಿಮಿಷ ಸೇರಿಸಿ. 2.3 ದಾಟಿತೋ ಕೆಂಪು. ಅಂದಿನಿಂದ ಎರಡು ವಾರ ಡಯಟ್ ಕಾಲದಂಥ ಊಟ, ಅದನ್ನು ಮೊದಲೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟಿರಬೇಕು: ಸುಮಾರು 1,700 ಕ್ಯಾಲೊರಿ, ಕರಿದದ್ದಿಲ್ಲ, ಹೋಟೆಲಿಲ್ಲ, ರಾತ್ರಿ ಅನ್ನದ ಬದಲು ಉಸಲಿ ಮತ್ತು ಕೋಸಂಬರಿ. ದಿನಕ್ಕೆ 400ರಂತೆ 14 ದಿನಕ್ಕೆ 5,600 ಕ್ಯಾಲೊರಿ, ಅಂದರೆ ಮುಕ್ಕಾಲು ಕಿಲೋ ಕೊಬ್ಬು. ನೀರು ಸೇರಿ ಒಂದೂವರೆ ಕಿಲೋ ಇಳಿದದ್ದು ಕಾಣುತ್ತದೆ. ಎರಡು ವಾರದಲ್ಲಿ ಇದು ಮುಗಿಯುತ್ತದೆ. 6 ಕಿಲೋ ಏರಿದ ಮೇಲೆ ಎಚ್ಚೆತ್ತರೆ ಮೂರು ನಾಲ್ಕು ತಿಂಗಳ ಕೆಲಸ.

ಜೂಸ್ ಮಾತ್ರ ಕುಡಿಯುವ ವಾರ, ಒಂದೇ ಹೊತ್ತಿನ ಊಟ ಇತ್ಯಾದಿ ಬೇಡ. ಅವುಗಳಲ್ಲಿ ಬೇಗ ಹೋಗುವುದು ಹೆಚ್ಚಾಗಿ ನೀರು, ಜೊತೆಗೆ ಸ್ನಾಯು. ತಿಂಗಳಿಗೊಮ್ಮೆ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನೂ ನೋಡಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿ. ಬಲದ ವ್ಯಾಯಾಮ ಮಾಡುವವರಲ್ಲಿ ತೂಕ ಒಂದು ಕಿಲೋ ಏರಿ ಸುತ್ತಳತೆ ಹಾಗೆಯೇ ಇದ್ದರೆ ಕೆಂಪು ಗೆರೆಯನ್ನು ಅಷ್ಟರ ಮಟ್ಟಿಗೆ ಸರಿಸಬಹುದು.

ಊಟ, ನಡಿಗೆ ಎರಡೂ ಬದಲಾಗದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಸ್ಟೆರಾಯ್ಡ್, ಇನ್ಸುಲಿನ್, ಗ್ಲಿಮೆಪಿರೈಡ್ ಗುಂಪಿನ ಶುಗರ್ ಮಾತ್ರೆ, ಕೆಲವು ಮನೋರೋಗದ ಔಷಧಗಳು ತೂಕ ಏರಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸಬಾರದು. ತದ್ವಿರುದ್ಧವಾದದ್ದೂ ಉಂಟು: 12 ಕಿಲೋ ಇಳಿದ ಮೇಲೆ ಬಿಪಿ, ಶುಗರ್ ಮಾತ್ರೆ ಹಳೆಯ ಪ್ರಮಾಣದಲ್ಲೇ ಮುಂದುವರಿದರೆ ತಲೆಸುತ್ತು, ಸಕ್ಕರೆ ಕುಸಿತ ಬರಬಹುದು, ಸಕ್ಕರೆ ಕುಸಿದಾಗಿನ ತೀವ್ರ ಹಸಿವನ್ನು ಬಾಯಿಚಪಲ ಎಂದು ತಿಳಿಯುವವರಿದ್ದಾರೆ.

2025ರಲ್ಲಿ ಭಾರತಕ್ಕೆ ಬಂದ ಮೌಂಜಾರೊ, ವೆಗೊವಿ ಚುಚ್ಚುಮದ್ದಿನಿಂದ ಇಳಿಸಿದವರಿಗೆ ಲೆಕ್ಕ ಇನ್ನೂ ಬಿಗಿ. ವೆಗೊವಿಯಲ್ಲಿರುವ ಔಷಧವಾದ ಸೆಮಾಗ್ಲೂಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿದ್ದನ್ನು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಔಷಧ ಹಸಿವನ್ನು ಹಿಡಿದಿಟ್ಟಿರುವಾಗಲೇ ಎಣ್ಣೆ ಡಬ್ಬ, ಅಕ್ಕಿ ಲೋಟ, ಐದೂವರೆಯ ಹುರಿಗಡಲೆ, ವಾರಕ್ಕೆರಡು ಸಲದ ಬಲದ ವ್ಯಾಯಾಮ ರೂಢಿಯಾಗಿರಬೇಕು. ನಿಲ್ಲಿಸುವುದು, ಪ್ರಮಾಣ ಇಳಿಸುವುದು ಡಾಕ್ಟರ್ ಜೊತೆ ಕುಳಿತು ಮಾಡುವ ತೀರ್ಮಾನ, ಔಷಧ ಅಂಗಡಿಯ ಬಿಲ್ ನೋಡಿ ಮಾಡುವುದಲ್ಲ.

13.6 ಕಿಲೋಗಿಂತ ಹೆಚ್ಚು ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ದಾಖಲೆಯೊಂದು ಅಮೆರಿಕದಲ್ಲಿ 1994ರಿಂದ ಇದೆ. ಅಲ್ಲಿ ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಗುತ್ತಾರೆ, ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ. ಶೇಕಡಾ 78 ಮಂದಿ ದಿನಾ ಬೆಳಗಿನ ತಿಂಡಿ ತಿನ್ನುತ್ತಾರೆ ಎಂಬುದನ್ನು ಹಿಡಿದುಕೊಂಡು ಹಸಿವಿಲ್ಲದೆ ಆರೂವರೆಗೆ ಉಪ್ಪಿಟ್ಟು ತಿನ್ನುವ ಅಗತ್ಯ ನನಗೆ ಕಾಣುವುದಿಲ್ಲ. ಅದು ತಾವಾಗಿ ಹೆಸರು ಕೊಟ್ಟವರ ಪಟ್ಟಿ, ತಿಂಡಿಯಿಂದಲೇ ತೂಕ ನಿಂತಿತು ಎಂದು ಅದು ಹೇಳುವುದಿಲ್ಲ. ಅದೇ ದಾಖಲೆಯಿಂದ ತಿಳಿದ ಇನ್ನೊಂದು ವಿಷಯ ಹೆಚ್ಚು ಉಪಯೋಗದ್ದು: ಎರಡು ವರ್ಷ ದಾಟಿ ನಿಂತವರಿಗೆ ಮುಂದೆ ಮರಳಿ ಏರುವ ಸಂಭವ ಬಹಳ ತಗ್ಗುತ್ತದೆ. ಅಲ್ಲಿಯ ತನಕ ದಿನಾ ತೂಗಿ; ಆಮೇಲೆ ವಾರಕ್ಕೆರಡು ಸಲ, ಬುಧವಾರ ಮತ್ತು ಶನಿವಾರ ಬೆಳಿಗ್ಗೆ, ಸಾಕು. ಸೋಮವಾರ ಬೇಡ, ಅಂದು ಕಾಣುವುದು ಭಾನುವಾರದ ಉಪ್ಪು.